ಅಳಿಯಂದ್ರ ಎರಡು ಬೆರಳು

ನಿಮ್ಮ ಅಳಿಯ ಒಂದಿನ ನಿಮ್ಮ ಸೀರಿ ಕಪಾಟಿಗೆ ಕೈ ಹಾಕಿದ್ರ ಏನ್ ಮಾಡ್ತೀರಿ, ಖರೇ ಹೇಳ್ರಿ? ಚೀರ್ತೀರಿ, ಹೌದಿಲ್ಲೋ? ನಾನು ಚಾ ಮಾಡಿ ಕೊಟ್ಟೆ! ಯಾಕಂದ್ರ ನಮ್ಮ ಅಳಿಯಂದ್ರು ಅಂತಿಂಥವರಲ್ಲ. (ಫೋನಿನ್ಯಾಗ ಟೈಪ್ ಮಾಡೋದು ಅವರೇ ಕಲಿಸ್ಯಾರ. ಇದನ್ನ ಓದ್ತಾರ. ಓದ್ಲಿ!)

ಸೇಡಂ ರಸ್ತೆದಾಗಿನ ಒಂದು ಕಾಲೇಜಿನ್ಯಾಗ ಹುಡುಗರಿಗೆ ಕಂಪ್ಯೂಟರ್ ಪ್ರೋಗ್ರಾಮ್ ಬರಿಯೋದು ಕಲಿಸ್ತಾರ. ಅದನ್ನ ಅಲ್ಲೇ ಬಿಟ್ಟು ಬಂದ್ರ ಛಲೋ ಇತ್ತು, ಮನಿಗೂ ತರ್ತಾರ. ಅವರ ಲೆಕ್ಕದಾಗ ಕುಕ್ಕರ್ ಒಂದು ಆಬ್ಜೆಕ್ಟು, ನಾನೂ ಒಂದು ಆಬ್ಜೆಕ್ಟು.

"ಪ್ರತಿ ಆಬ್ಜೆಕ್ಟಿಗೂ ತನ್ನ ಕೆಲಸ ತನಗ ಗೊತ್ತಿರ್ತದ ಅತ್ತಿ. ನಾವು ಮಾಡು ಅನ್ಬೇಕು ಅಷ್ಟ. ಒಳಗ ಹೆಂಗ ಮಾಡ್ತದ ಅಂತ ಇಣುಕಬಾರ್ದು."

ಅದಕ್ಕ ಅವರು ಅಡಗಿಮನಿಗೆ ಕಾಲಿಡಂಗಿಲ್ಲ. ಹೊರಗಿಂದ "ಚಾ" ಅಂತಾರ, ಚಾ ಬರ್ತದ. ಇದಕ್ಕ ಎನ್‌ಕ್ಯಾಪ್ಸುಲೇಶನ್ ಅಂತಾರಂತ. ನಮ್ಮ ಕಾಲದಾಗ ಮೈಗಳ್ಳತನ ಅಂತಿದ್ರು!

ಇನ್ನೊಂದು ಹುಚ್ಚು, ಏನು ಕಂಡ್ರೂ ಸಾಲು ಹಚ್ಚೋದು. ಕಮಲಾಪುರ ಸಂತಿಯೊಳಗ ಕೆಂಪು ಬಾಳಿಹಣ್ಣು ಕಾಯಿಯಿಂದ ಹಣ್ಣಿಗೆ ಸಾಲಾಗಿ ಇಡಾಕತ್ತಿದ್ರು. ಹಣ್ಣಿನಾಂವ ನೋಡಿ ನೋಡಿ, "ಸಾಬ್, ಒಯ್ಯಾಕ ಬಂದೀರೋ, ಅವಕ್ಕ ಪರೇಡ್ ಮಾಡ್ಸಾಕ ಬಂದೀರೋ?" ಅಂದ. "ಎರಡೂ" ಅಂದ್ರು ನಮ್ಮವರು.

ಆ ಕಮಲಾಪುರದಾಗೇ ನನ್ನ ತಂಗಿ ಇದ್ದಾಳ, ಮಗ-ಸೊಸಿ ಜೊತಿ. ಅಕಿಗೆ ಈಗೀಗ ಮರವು. ಹೋದ ಸಲ ಬಾಗಲದಾಗ ನನ್ನ ನೋಡಿ, "ಬರ್ರಿ, ಕೂಡ್ರಿ. ಯಾವೂರಾತ್ರಿ ನಿಮ್ದು?" ಅಂದ್ಲು. ನನಗ 'ರೀ' ಅಂದ್ಲು ನೋಡ್ರಿ! ಜಡಿ ಹಿಡಿದು ಜಗ್ಗಾಡಿದಾಕಿ!

ವಾಪಸ್ ಬರೋವಾಗ ಕಾರು ಕಪನೂರ ದಾಟಿದ ಮ್ಯಾಲೆ ಅಳಿಯಂದ್ರು ಒಮ್ಮೆಲೇ, "ಸಣ್ಣತ್ತಿ ಮಂದಿ ಮಾರಿ ಮರ್ತಾರ. ಆದ್ರ ದಿನಾ ಟ್ರಂಕ್ ತಗದು ಸೀರಿ ಸವರ್ತಾರ. ಅದರಾಗಿರೋ ಅಂಥದ್ದೇ ಸೀರಿ ನಿಮ್ಮ ಹತ್ರನೂ ಅದ ಏನು? ಉಟ್ಕೊಂಡು ಹೋದ್ರ ನಿಮ್ಮ ಗುರ್ತು ಹತ್ತಬಹುದು." ಅಂದ್ರು.

ಇರಬೇಕು. ನಮ್ಮವ್ವ ಜಗಳ ಬ್ಯಾಡಂತ ಇಬ್ಬರಿಗೂ ಒಂದೇ ನಮೂನಿ ಸೀರಿ ತರ್ತಿದ್ಲು. ಆದ್ರ ನಾನು ಎಷ್ಟೋ ಹಳೇ ಸೀರಿ ಭಾಂಡೆ ಮಾರಾಕಿಗೆ ಕೊಟ್ಟು ಸ್ಟೀಲ್ ಡಬ್ಬಿ ತಗೊಂಡೀನಿ. ಅಕಿದೂ ಅದೇ ಕತಿ. ಇಬ್ಬರ ಹತ್ರನೂ ಯಾವುದು ಉಳದದ, ಯಾರಿಗೆ ಗೊತ್ತು?

ಹಂಗಾಗಿ ಅಳಿಯಂದ್ರ ಕೈ ಕಪಾಟಿಗೆ ಬಂತು. ಎಲ್ಲಾ ಗಂಟು ಕಟ್ಟಿ ಕಾರಿಗೆ ಹಾಕಿದ್ರು. ಬಾಜೂ ಮನಿ ಖಾಲಾ ಓಡಿ ಬಂದು, "ಯಾ ಅಲ್ಲಾ, ಈ ವಯಸ್ಸಿನ್ಯಾಗ ಮನಿ ಬಿಟ್ಟು ಹೊಂಟೀರೇನ್ರಿ ಅಕ್ಕಾ?" ಅಂದ್ಲು.

ಕಮಲಾಪುರದಾಗ ಪಡಸಾಲಿ ತುಂಬ ಸೀರಿ. ತಂಗಿ ಮಂಚದ ಮ್ಯಾಲೆ ಕೂತು ನಮ್ಮನ್ನ ಪಿಳಿಪಿಳಿ ನೋಡಾಕತ್ತಿದ್ಲು. ನಾನು ನಂದೊಂದು ಎತ್ಕೊಂಡು ಅಕಿವೆಲ್ಲಾ ಕೆದರಾಕ ಹತ್ತಿದೆ.

"ಅತ್ತಿ! ಒಂದೊಂದಕ್ಕೂ ಅಷ್ಟೂ ಕೆದರಿದ್ರ ಸಂಜಿ ಆಗ್ತದ. ಮೊದಲ ಎರಡೂ ಕಡೆ ತಿಳಿ ಬಣ್ಣದಿಂದ ದಟ್ಟಕ್ಕ ಸಾಲು ಹಚ್ಚರಿ."

ಹಚ್ಚಿದ್ವಿ. ನನ್ನ ಸಾಲಿಗೊಂದು, ಅಕಿ ಸಾಲಿಗೊಂದು ಬೆರಳು ಇಟ್ರು. "ಎರಡರಾಗ ಯಾವುದು ತಿಳಿ ಬಣ್ಣದ್ದೋ ಅದರ ಮ್ಯಾಲಿನ ಬೆರಳು ಮುಂದ ಸರಿಸೋದು. ಅದರ ಜೋಡಿ ಇನ್ನ ಸಿಗಂಗಿಲ್ಲ, ಎದುರು ಸಾಲಿನ್ಯಾಗ ಮುಂದಿರೋವೆಲ್ಲಾ ದಟ್ಟನೇ. ಎರಡೂ ಒಂದೇ ಇದ್ರ ಸಿಕ್ಕಂಗ. ಹಿಂದ ಹೊಳ್ಳಿ ನೋಡೋದಿಲ್ಲ."

ನಡುವ "ಸಿಕ್ತು!" ಅಂತ ಚೀರಿದ್ರು. ನೋಡಿದ್ರ ಒಂದು ಕುಂಕುಮ ಬಣ್ಣ, ಒಂದು ಇಟ್ಟಂಗಿ ಬಣ್ಣ!

"ಎರಡೂ ಕೆಂಪೇ ಅಲ್ಲೇನ್ರಿ?"

"ಅಳಿಯಂದ್ರೇ, ಮದುವಿ ದಿನ ನನ್ನ ಮಗಳನ್ನ ಹೆಂಗ ಗುರ್ತು ಹಿಡದ್ರಿ?"

ತಲಿ ಕೆರಕೊಂಡ್ರು. "ಹಂಗಾರ ಹೋಲಿಸೋ ಕೆಲಸ ನಿಮ್ದು, ಬೆರಳು ಸರಿಸೋದು ನಂದು. ಅವರವರ ಕೆಲಸ ಅವರವರಿಗೆ. ಆಬ್ಜೆಕ್ಟಿನ ನಿಯಮನೂ ಇದೇ."

ಸಾಲು ಮುಗೀತಾ ಬಂತು, ಒಂದೂ ಸಿಗಲಿಲ್ಲ. ಸರಸರ ಓಡಿದ ಬೆರಳು ಸಾವಕಾಶ ಆತು. ಪ್ರೋಗ್ರಾಮಿಗೂ ಅಂಜಿಕಿ ಇರ್ತದೇನ್ರಿ? ಕಟ್ಟಕಡಿಗೆ ಎರಡೂ ಬೆರಳು ನಿಂತವು. ಕರೀ ಇಳಕಲ್ ಸೀರಿ, ಕೆಂಪು ಸೆರಗಿಂದು. ಇಲ್ಲೂ ಅದೇ, ಅಲ್ಲೂ ಅದೇ. ಅಳಿಯಂದ್ರು ಈ ಸಲ ಚೀರಲಿಲ್ಲ. ನನ್ನ ಮಾರಿ ನೋಡಿದ್ರು. ನಾನು ಹೌದು ಅಂತ ಗೋಣು ಹಾಕಿದೆ.

ಒಳಗ ಹೋಗಿ ನನ್ನದು ಉಟ್ಕೊಂಡು ಬಂದು ತಂಗಿ ಮುಂದ ಕೂತೆ. ಅಕಿ ಸೆರಗು ಹಿಡದ್ಲು, ಅಂಚು ಸವರಿದ್ಲು. ಅಳಿಯಂದ್ರು ಇನ್ನೂ ನೆಲದ ಮ್ಯಾಲೇ, ಬೆರಳು ಊರಿದಲ್ಲೇ ಊರಿ ಕೂತಿದ್ರು.

"ನಾ ಯಾರು, ಹೇಳ್ ನೋಡೋಣ?" ಅಂದೆ.

ಹುಬ್ಬು ಗಂಟು ಹಾಕಿದ್ಲು.

"ಯಕ್ಕಾ, ಮತ್ತ ನನ್ನ ಸೀರಿ ಉಟ್ಕೊಂಡೀ? ಬಿಚ್ಚ್ ಮೊದಲ, ಇಲ್ಲಾಂದ್ರ ಅವ್ವಗ ಹೇಳ್ತೀನಿ ನೋಡು!"