ಡ್ಯೂಟಿ ಎಷ್ಟಕ್ಕ ಬಿಡ್ತದ್ರಿ?

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಹಿಂದೆ ಏನನ್ನೂ ಬರೆದವನಲ್ಲ. ಬೇರೆಯವರು ಬರೆದದ್ದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡುವುದು ನನ್ನ ಉದ್ಯೋಗ. ಹಾಗಾಗಿ ನೀವು ನಗಬೇಕಾದ ಜಾಗ ಬರುವ ಮುಂಚೆಯೇ ನಾನು ಅದನ್ನು ವಿವರಿಸಿ ಕೆಡಿಸಿಬಿಡುವ ಸಂಭವ ಹೆಚ್ಚು. ಆದರೂ ಹೇಳದೆ ಇರಲಾಗುತ್ತಿಲ್ಲ. ಏಜೆನ್ಸಿ ಮೂಲಕ ಕೆಲಸಕ್ಕೆ ಸೇರಿದವನಿಗೆ ಇಂಥ ಪ್ರಸಂಗಗಳು ತಾವಾಗಿ ಹುಡುಕಿಕೊಂಡು ಬರುತ್ತವೆ, ಹೊತ್ತುಗೊತ್ತು ನೋಡದೆ.

ಏಜೆನ್ಸಿ ಎಂದರೇನು ಎಂದು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಚೇರಿಗಳಿಗೆ ಕೆಲಸ ಮಾಡುವವರು ಬೇಕು, ಆದರೆ 'ಇವರು ನಮ್ಮವರು' ಎಂದು ಹೇಳಿಕೊಳ್ಳುವ ತೊಂದರೆ ಬೇಡ. ಅಂಥ ಜನರನ್ನು ಒದಗಿಸುವುದೇ ಏಜೆನ್ಸಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ನಮ್ಮ ಏಜೆನ್ಸಿಯ ಜನ ಇದ್ದಾರೆ. ಒಂದು ಕಡೆ ಕಡಿಮೆ ಬಿದ್ದರೆ ಇನ್ನೊಂದು ಕಡೆಯಿಂದ ಎತ್ತಿ ಇಡುತ್ತಾರೆ, ಮದುವೆ ಮನೆಯಲ್ಲಿ ಕುರ್ಚಿ ಎತ್ತಿ ಇಟ್ಟ ಹಾಗೆ. ಕುರ್ಚಿಗೆ ಮುಂಚಿತವಾಗಿ ತಿಳಿಸುವ ಪದ್ಧತಿ ಎಲ್ಲೂ ಇಲ್ಲವಷ್ಟೆ.

ಖಜೂರಿಯಲ್ಲಿ ಹೆಣ್ಣು ನೋಡಿದ್ದು

ನಮ್ಮೂರು ಮಾದನಹಿಪ್ಪರಗಾ. ಹೆಣ್ಣು ನೋಡಲು ಖಜೂರಿಗೆ ಹೋಗುವುದೆಂದು ಗೊತ್ತಾಗಿತ್ತು. ಆಗ ನಾನು ಆಳಂದದ ಕಚೇರಿಯಲ್ಲಿದ್ದೆ. ಆ ದಿನ ಬೇಗ ಬಿಡಿ ಎಂದು ಕಚೇರಿಯ ಸಾಹೇಬರನ್ನು ಕೇಳಿದೆ. "ಹೋಗಪ್ಪಾ, ಯಾರು ಬ್ಯಾಡಂತಾರ? ಇದೊಂದು ಪತ್ರ ಹೊಡದು ಹೋಗು," ಎಂದರು. ಆ ಪತ್ರಕ್ಕೆ ಮಕ್ಕಳು ಮರಿ ಹುಟ್ಟಿಕೊಂಡವು. ಅಂದರೆ ಅದರ ಹಿಂದೆ ಇನ್ನಷ್ಟು ಪತ್ರಗಳು ಬಂದವು ಎಂದು ಅರ್ಥ.

ನಾನು ಖಜೂರಿ ಮುಟ್ಟುವಷ್ಟರಲ್ಲಿ ನಮ್ಮ ಮನೆಯವರು ಹುಡುಗಿಯನ್ನು ನೋಡಿ, ಮೆಚ್ಚಿ, ಚುರುಮುರಿ ಸುಸಲಾ ತಿಂದು, ಚಪ್ಪಲಿ ಹುಡುಕುತ್ತಿದ್ದರು. ಹುಡುಗಿಯನ್ನು ನೋಡದೆ ಉಳಿದವನು ವರ ಒಬ್ಬನೇ. ಪಾಪ, ಆಕೆ ನನ್ನ ಸಲುವಾಗಿ ಮತ್ತೊಮ್ಮೆ ಚಹಾ ತಂದಳು. "ಆಫೀಸಿನವರು ಈಗ ಬಿಟ್ಟರೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಊರ ಹೆಂಗಸರ ಕುಪ್ಪಸ ಹೊಲಿದು ತನ್ನ ಖರ್ಚು ತಾನೇ ನೋಡಿಕೊಳ್ಳುವ ಹುಡುಗಿ. ಆ ಒಂದೇ ಮಾತಿಗೆ ನನಗೆ ಮನಸ್ಸಾಯಿತು. ಇಂಥ ಕಡೆ ಇನ್ನೂ ಚೆನ್ನಾಗಿ ಬರೆಯಬೇಕು, ನನಗೆ ಬರುವುದಿಲ್ಲ.

ಹುಡುಗಿಯ ತಂದೆ ಲಾರಿ ಓಡಿಸುವವರು. ಅವರದು ಒಂದೇ ಪ್ರಶ್ನೆ.

"ನೌಕರಿ ಎಲ್ಲಾ ಖರೆ. ಡ್ಯೂಟಿ ಎಷ್ಟಕ್ಕ ಬಿಡ್ತದ್ರಿ?"

"ಕೆಲಸ ಮುಗದ ಕೂಡ್ಲೇರಿ."

"ಕೆಲಸ ಎಷ್ಟಕ್ಕ ಮುಗೀತದ?"

"ಸಾಹೇಬ್ರು ಮನೀಗಿ ಹೋದ ಮ್ಯಾಲ್ರಿ."

"ಅವರು ಎಷ್ಟಕ್ಕ ಹೋಗ್ತಾರ?"

"ಅವರು ಸಂಜಿಕೇ ಹೋಗ್ತಾರ್ರಿ. ಹೋಗಿ ಫೋನ್ ಮಾಡಿ ಕೆಲಸ ಹೇಳ್ತಾರ."

ಅವರು ಮೀಸೆ ಒರೆಸಿಕೊಂಡರು. "ನೋಡ್ರಿ, ನನ್ನ ಮಗಳು ರೊಟ್ಟಿ ಬಡದು ಯಾರ ಹಾದಿ ಕಾಯಬೇಕು? ನಿಮ್ಮದೋ, ಸಾಹೇಬ್ರದೋ? ಯಾರರೆ ಜವಾಬ್ದಾರ್ ಮನಷಾ ನನ್ನ ಮುಂದ ಟೈಮ್ ಹೇಳ್ಲಿ. ಅಲ್ಲೀತನಕ ನಾ ಹೂಂ ಅನ್ನಂಗಿಲ್ಲ."

ನಾನು ಖುಷಿಯಿಂದ ಒಪ್ಪಿದೆ. ನಮ್ಮಲ್ಲಿ ಜವಾಬ್ದಾರ ಮನುಷ್ಯ ಒಬ್ಬನಾದರೂ ಸಿಕ್ಕೇ ಸಿಗುತ್ತಾನೆ ಎಂದು ಆಗ ನಂಬಿದ್ದೆ.

ಅಫಜಲಪುರದ ಹಾಜರಿ

ಹುಡುಕಲು ಶುರು ಮಾಡುವುದರೊಳಗೆ ನನ್ನನ್ನು ಅಫಜಲಪುರಕ್ಕೆ ಎತ್ತಿ ಇಟ್ಟರು. ಅಲ್ಲಿ ಹಾಜರಿಗೆ ಹೊಸ ವ್ಯವಸ್ಥೆ. ಮೊಬೈಲಿಗೆ ಮುಖ ತೋರಿಸಬೇಕು. ಬಂದದ್ದು, ಹೋದದ್ದು ತಾನೇ ದಾಖಲಾಗುತ್ತದೆ. ಡ್ಯೂಟಿ ಎಷ್ಟು ಹೊತ್ತಿಗೆ ಬಿಟ್ಟಿತೆಂದು ಯಂತ್ರವೇ ಹೇಳಿದರೆ ಹುಡುಗಿಯ ತಂದೆ ಒಪ್ಪಿಯಾರು ಎಂದು ನನಗೆ ಆಸೆ ಹುಟ್ಟಿತು.

ಇಲ್ಲೊಂದು ತಾಂತ್ರಿಕ ಸಂಗತಿ ಹೇಳಬೇಕು. ಮುಖ ಸರಿ ಇದ್ದರೆ ಸಾಲದು, ಜಾಗವೂ ಸರಿ ಇರಬೇಕು. ಕಚೇರಿಯ ಜಾಗ ಯಾವುದೆಂದು ಮೊದಲ ದಿನ ಏಜೆನ್ಸಿಯ ಸೂಪರ್‌ವೈಸರ್ ಅಲ್ಲೇ ನಿಂತು ಮೊಬೈಲಿನಲ್ಲಿ ಗುರುತು ಹಾಕಬೇಕು. ನಮ್ಮ ಸೂಪರ್‌ವೈಸರ್ ನಿಷ್ಠೆಯಿಂದ ಹಾಕಿದ್ದರು. ಹಾಕುವಾಗ ಅವರು ಬಸ್ ನಿಲ್ದಾಣದ ಎದುರಿನ ಚಹಾ ಹೋಟೆಲಿನಲ್ಲಿ ಕುಳಿತಿದ್ದರು, ಅಷ್ಟೆ.

ಹೀಗಾಗಿ ಕಚೇರಿಗೆ ಹೋದವನು ಗೈರು, ಹೋಟೆಲಿಗೆ ಹೋದವನು ಹಾಜರು. ಬೆಳಿಗ್ಗೆ ನಾವೆಲ್ಲ ಹೋಟೆಲಿನ ಮುಂದೆ ಸಾಲಾಗಿ ನಿಂತು ಮೊಬೈಲಿಗೆ ಮುಖ ತೋರಿಸಿ, ಆಮೇಲೆ ಕಚೇರಿಗೆ ಓಡುತ್ತಿದ್ದೆವು. ಸಂಜೆ ಮತ್ತೆ ಹೋಟೆಲಿಗೇ ಓಡಿ ಬರಬೇಕು. ಬಾರದಿದ್ದರೆ ಇಡೀ ದಿನ ಗೈರು. ಇಂಥ ಯಂತ್ರದ ಮಾತನ್ನು ಹುಡುಗಿಯ ತಂದೆಯ ಮುಂದೆ ಹಿಡಿಯುವುದು ಹೇಗೆ? ತಿದ್ದಿಸಿ ಎಂದು ಸೂಪರ್‌ವೈಸರ್‌ಗೆ ಹೇಳಿದರೆ, "ಸಿಸ್ಟಮ್ದಾಗ ಕಚೇರಿ ಅಲ್ಲೇ ಅದ. ನಾವು ಸಿಸ್ಟಮ್ ಮೀರಾಕ ಬರ್ತದೇನು?" ಎಂದರು.

ಹೋಟೆಲಿನ ಚಾಚಾ ನಮ್ಮ ಸಾಲು ನೋಡಿ ಒಂದು ದಿನ ಸೌಟು ಕೆಳಗಿಟ್ಟರು.

"ಅಲ್ರೋ ತಮ್ಮಾ, ನನ್ನ ಹೋಟೆಲ್ದಾಗ ಕಪ್ಪು ಬಸಿ ತೊಳಿಯೋರು ಒಬ್ಬರೂ ಟೈಮಿಗಿ ಬರಂಗಿಲ್ಲ. ಆಫೀಸಿನವರು ಮಾತ್ರ ಬರೋಬ್ಬರಿ ಟೈಮಿಗಿ ನನ್ನ ಕಡೀನೇ ಬರಾಕತ್ತೀರಿ. ಹಂಗೇ ಬಸಿನೂ ತೊಳದು ಹೋಗ್ರಿ!"

ಜೇವರ್ಗಿಯ ಸಭೆ

ಮುಂದೆ ಜೇವರ್ಗಿ. ಅಲ್ಲಿ ಏಜೆನ್ಸಿಯ ದೊಡ್ಡ ಮ್ಯಾನೇಜರ್ ಸ್ವತಃ ಬಂದು ಸಭೆ ಕರೆದಿದ್ದರು. ವಿಷಯ ನಮ್ಮ ಕೆಲಸದ ಅವಧಿ. ಜವಾಬ್ದಾರ ಮನುಷ್ಯ ಸಿಕ್ಕೇಬಿಟ್ಟ ಎಂದುಕೊಂಡು ಮುಂದಿನ ಸಾಲಿನಲ್ಲಿ ಕುಳಿತೆ.

"ಇನ್ನು ಮ್ಯಾಲೆ ನಿಮ್ಮ ಟೈಮು ನಿಮ್ಮ ಕೈಯಾಗ ಅದ," ಎಂದರು ಮ್ಯಾನೇಜರ್. "ಹೊಸ ಪದ್ಧತಿ. ಯಾರ ಮ್ಯಾಲೂ ಜಬರ್ದಸ್ತಿ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದೆವು. ಕಸ ಗುಡಿಸುವ ಕಾಕು ಒಬ್ಬರು ಮಾತ್ರ ತಟ್ಟಲಿಲ್ಲ. ಅವರು ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

"ಹಂಗಾದ್ರ ನಾ ಈಗ ಮನೀಗಿ ಹೋಗ್ಲೇನ್ರಿ?"

"ಈಗ ಬ್ಯಾಡವ್ವ, ಮೀಟಿಂಗ್ ನಡದದ."

"ಮೀಟಿಂಗ್ ಮುಗದ ಮ್ಯಾಲೆ?"

"ಆಮ್ಯಾಲೆ ಹಾಲ್ ಗುಡಸಬೇಕಲ್ಲ."

"ಗುಡಿಸಿದ ಮ್ಯಾಲೆ?"

"ನಾವು ಫೋನ್ ಮಾಡಿ ಹೇಳ್ತೀವಿ. ಹೇಳಿದಾಗ ಹೋಗು, ಹೇಳಿದಾಗ ಬಾ."

ಕಾಕು ತಲೆಯಾಡಿಸುತ್ತ ಕುಳಿತುಕೊಂಡರು. "ತಿಳೀತ್ರಿ. ಟೈಮ್ ನನ್ನ ಕೈಯಾಗ ಅದ. ಕೈ ನಿಮ್ಮ ಕಡೆ ಅದ."

ಸಭೆ ಅಲ್ಲಿಗೆ ಮುಗಿಯಿತು. ನನ್ನ ಪ್ರಶ್ನೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಮ್ಯಾನೇಜರ್ ಚಹಾ ಕೂಡ ಕುಡಿಯದೆ ಹೊರಟರು. ಹೋಗುವಾಗ ಒಂದು ಉಪಕಾರ ಮಾಡಿದರು. ನನ್ನನ್ನು ಮತ್ತೆ ಹೊಳ್ಳಿ ಆಳಂದಕ್ಕೆ ಹಾಕಿದರು.

ಆಳಂದದ ಪಂಚಾಯ್ತಿ

ಖಜೂರಿಯಲ್ಲಿ ಬೇರೆ ಕಡೆಯ ವರಗಳ ಮಾತು ಎದ್ದಿತ್ತು. ಅದು ನಮ್ಮವ್ವನ ಕಿವಿಗೂ ಬಿತ್ತು. ಈ ಸಲ ಉತ್ತರ ಸಿಗದಿದ್ದರೆ ಹುಡುಗಿ ಕೈತಪ್ಪುವುದು ಖಚಿತವಿತ್ತು. ಅಷ್ಟರಲ್ಲಿ ಹುಡುಗಿಯ ತಂದೆ ತಾವೇ ಆಳಂದದ ಕಚೇರಿಗೆ ಬಂದರು. ನೇರ ಸಾಹೇಬರ ಮೇಜಿನ ಮುಂದೆ ಕುಳಿತರು. ನಾನು ಅವರ ಹಿಂದೆ ನಿಂತೆ.

"ಸಾಹೇಬ್ರ, ಈ ಹುಡಗ ನಿಮ್ಮವನೇನ್ರಿ?"

"ಅಲ್ರಿ, ಏಜೆನ್ಸಿಯವ. ಅವನ ಟೈಮು ಗೀಮು ಎಲ್ಲಾ ಅವರನ್ನೇ ಕೇಳ್ರಿ."

ಅಲ್ಲೇ ಸೂಪರ್‌ವೈಸರ್‌ಗೆ ಹುಡುಗಿಯ ತಂದೆ ನನ್ನಿಂದ ಫೋನು ಹಚ್ಚಿಸಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲೆ ಇಟ್ಟರು. ಅತ್ತಲಿಂದ ಸೂಪರ್‌ವೈಸರ್, "ಕೆಲಸ ತಗೊಳ್ಳೋರು ಅವರು, ನಾವ್ಯಾಕ ಟೈಮ್ ಹೇಳೋಣ್ರಿ?" ಎಂದರು.

ಸಾಹೇಬರು ಫೋನಿನತ್ತ ಬಾಗಿದರು. "ಏ, ನೀವೇ ಹೇಳ್ರಿ."

"ಇಲ್ರಿ ಸರ್, ದೊಡ್ಡೋರು ನೀವು, ನೀವೇ ಹೇಳ್ರಿ."

"ನಿಮ್ಮ ಬಾಯಿಂದ ಬಂದ್ರ ಚಂದ."

ಪಂಕ್ತಿಯಲ್ಲಿ ಕೊನೆಯ ಹೋಳಿಗೆಯನ್ನು ಒಬ್ಬರ ಎಲೆಗೆ ಒಬ್ಬರು ತಳ್ಳುತ್ತಾರಲ್ಲ, ಹಾಗೆ ನಡೆಯಿತು. ಇಲ್ಲಿ ಹೋಳಿಗೆ ಎಂದರೆ ನಾನು.

ಹುಡುಗಿಯ ತಂದೆ ಎದ್ದು ನಿಂತರು. "ನಾ ಲಾರಿಯವ. ಇಳಿಸ್ಕೊಳ್ಳೋರೂ ಮಾಲು ನಮ್ಮದಲ್ಲ ಅಂದ್ರು, ಕಳಿಸಿದವರೂ ನಮ್ಮದಲ್ಲ ಅಂದ್ರು ಅಂದ್ರ ನಾ ಜಗಳ ತಗ್ಯಾಂಗಿಲ್ಲ. ಹೊಳ್ಳಿ ಒಯ್ತೀನಿ. ನಡೀರಿ!"

ಎಂದವರೇ ನನ್ನ ರಟ್ಟೆ ಹಿಡಿದು ಬಾಗಿಲ ಕಡೆ ಎಳೆದುಕೊಂಡು ಹೊರಟರು. ನನ್ನ ಒಂದು ಕಾಲು ಹೊಸ್ತಿಲು ದಾಟಿತ್ತು.

"ಏಯ್! ಎಲ್ಲಿ ಹೊಂಟಿ? ಡ್ಯೂಟಿ ಟೈಮ್ ಅದ!"

ಮೇಜಿನ ಆಚೆಯ ಸಾಹೇಬರು, ಮೇಜಿನ ಮೇಲಿನ ಫೋನು, ಇಬ್ಬರೂ ಒಂದೇ ಉಸಿರಿಗೆ ಕೂಗಿದ್ದರು. ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹುಡುಗಿಯ ತಂದೆ ನಿಂತರು. "ಇವ ಹೋದ್ರ ಏನಾಗ್ತದ್ರಿ?"

"ಇಲ್ಲಿ ಎಲ್ಲಾ ಕೆಲಸ ನಿಂತು ಹೋಗ್ತದ," ಎಂದರು ಸಾಹೇಬರು.

"ಅಲ್ಲಿ ಕೆಲಸ ನಿಂತ್ರ ನಮ್ಮ ಗುತ್ತಿಗಿನೇ ಹೋಗ್ತದ್ರಿ," ಎಂದಿತು ಫೋನು.

ಹುಡುಗಿಯ ತಂದೆಯ ಮುಖ ಅರಳಿತು. ನನ್ನ ರಟ್ಟೆ ಬಿಟ್ಟು ಬೆನ್ನು ತಟ್ಟಿದರು. "ಒಬ್ಬ ಮನಷಾನ ಸಲುವಾಗಿ ಇಬ್ಬರು ಹಿಂಗ ಒದರಾಡ್ತಾರಂದ್ರ ನೌಕರಿ ಭಾಳ ಗಟ್ಟಿ ಅದ. ಹೆಣ್ಣು ಕೊಟ್ಟೀನ್ರಿ ಅಳಿಯಂದ್ರ!"

ಅಲ್ಲಿಂದಲೇ ಮಗಳಿಗೆ ಫೋನು ಮಾಡಿದರು. "ಟೈಮ್ ಎಷ್ಟಂತಪ್ಪಾ?" ಎಂದು ಆಕೆ ಕೇಳಿದ್ದು ನನಗೂ ಕೇಳಿಸಿತು.

"ಟೈಮ್ ತಗೊಂಡು ಏನ್ ಮಾಡ್ತಿ? ನೌಕರಿ ಹ್ಯಾಂಗದ ನೋಡು!"

"ಒಪ್ಪಿಗಿ ಅದ ಅಂತ ಹೇಳು. ಆದ್ರ ನಾ ಹಾದಿ ಕಾಯಂಗಿಲ್ಲ. ಹೊಲಿಗಿ ಮಿಷಿನ್ ಬಂದ್ ಮಾಡಿ, ಉಂಡು ಮಲಗಾಕಿ ಅಂತನೂ ಹೇಳು."

ಹೀಗೆ ನಮ್ಮಿಬ್ಬರಲ್ಲಿ ತಮ್ಮ ಕೆಲಸ ಬಿಡುವ ಹೊತ್ತು ಗೊತ್ತಿರುವವರು ಒಬ್ಬರಾದರೂ ಇದ್ದಾರೆ ಎಂದಾಯಿತು.

ಇನ್ನು, ನೌಕರಿ ಗಟ್ಟಿ ಎಂದು ಮಾವನವರು ತಿಳಿದದ್ದು ಸರಿಯಲ್ಲ. ಅದನ್ನು ಮದುವೆಯ ಅಕ್ಕಿಕಾಳು ಬೀಳುವ ಮೊದಲು ಹೇಳಬೇಕೋ, ಬಿದ್ದ ಮೇಲೋ, ನನಗಿನ್ನೂ ತೀರ್ಮಾನವಾಗಿಲ್ಲ. ಹೇಳುವುದಾದರೆ ಹೀಗೆ ಹೇಳುತ್ತೇನೆ: ಮಾವನವರೇ, ಗುತ್ತಿಗೆ ಎಂದರೆ, ಮೊದಲನೆಯದಾಗಿ, ಕಚೇರಿಯವರು ಏಜೆನ್ಸಿಯವರಿಗೆ...

ಒಂದು ನಿಮಿಷ. ಸಾಹೇಬರು ಒಳಗಿನಿಂದ "ಏ ಏಜೆನ್ಸೀ!" ಎಂದು ಕೂಗುತ್ತಿದ್ದಾರೆ. ಅದು ನಾನೇ. ಇದನ್ನು ನಾನು ಕೆಲಸದ ಹೊತ್ತಿನಲ್ಲಿ ಬರೆಯುತ್ತಿದ್ದೇನೆಂದು ದಯವಿಟ್ಟು ತಪ್ಪು ತಿಳಿಯಬೇಡಿ, ಈಗ ನನಗೆ ಊಟದ ಬಿಡುವು. ಊಟದ ಬಿಡುವು ಎಂದರೆ ನಮ್ಮಲ್ಲಿ... ಬಂದೆ ಸಾಹೇಬ್ರ, ಬಂದೆ!