ಅವ್ವನ ನೆತ್ತಿಯ ಫೋಟೋ ತೆಗೆದ ಕ್ಯಾಮೆರಾಕ್ಕೆ

ಬನಹಟ್ಟಿ, ವಿಜಾಪುರ ಜಿಲ್ಲೆ
ಶ್ರಾವಣ, ೧೯೫೪

ಕಾಮಣ್ಣನವರ ಸ್ಟುಡಿಯೋದ ಹೊಸ ಕ್ಯಾಮೆರಾ ಮಾನ್ಯರೇ,

ಮುಂಬಯಿ ಬಿಟ್ಟು ನಮ್ಮಂಥವರ ಊರಿಗೆ ದಯಮಾಡಿಸಿದ ತಮಗೆ ಅನಂತ ವಂದನೆಗಳು. ಕರಿ ಬಟ್ಟೆಯ ಮುಸುಕು ಹೊದ್ದಿದ್ದ ತಮ್ಮ ಹಿರಿಯಣ್ಣ, ಆ ಮರದ ಕ್ಯಾಮೆರಾ, ನಮ್ಮನ್ನು ಉಸಿರು ಬಿಗಿಹಿಡಿಸಿ ಕೂಡಿಸುತ್ತಿದ್ದರು. ತಮಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡವೆಂದು ಕಾಮಣ್ಣನವರು ಊರೆಲ್ಲ ಸಾರಿದ್ದಾರೆ.

ನನ್ನ ತಾಯಿ ಮುತ್ತವ್ವ ಐವತ್ತು ವರ್ಷ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯ್ದ ಕುಣಿಮಗ್ಗವನ್ನು ಬಿಚ್ಚಿ, ಅಲ್ಲಿ ವಿದ್ಯುತ್ ಮಗ್ಗ ಹೂಡಲು ನನ್ನ ತಮ್ಮ ರೇವಪ್ಪ ನಿಶ್ಚಯಿಸಿದ. ಬಿಚ್ಚುವ ಮುನ್ನ, ಮಗ್ಗದಲ್ಲಿ ಕುಳಿತ ಅವ್ವನ ಮುಖ ಒಂದು ಫೋಟೋದಲ್ಲಾದರೂ ಉಳಿಯಲೆಂದು ನಾನು ಆಸೆಪಟ್ಟೆ. ಕತ್ತಲ ಕೋಣೆಗೆ ತಾವೇ ತಕ್ಕವರೆಂದು, ಒಮ್ಮೆ ಮಿಂಚಿದರೆ ಮುಗಿಯುವ, ಉಳಿದಿದ್ದ ಒಂದೇ ಫ್ಲ್ಯಾಶ್ ಬಲ್ಬಿನೊಡನೆ ಕಾಮಣ್ಣನವರು ತಮ್ಮನ್ನು ಕರೆತಂದರು. ಬೆಳಕು ಚೆಲ್ಲುವ ಮುನ್ನ ತಾವು ‘ಟಕ್’ ಎಂದು ಗಂಟಲು ಸರಿಪಡಿಸಿಕೊಂಡಿರಿ. ಆ ಸದ್ದಿಗೆ ಅವ್ವ ಬಲ್ಲ ಅರ್ಥ ಒಂದೇ, ಮಗ್ಗಕ್ಕೆ ಬಿಗಿದ ಹಾಸಿನಲ್ಲಿ ನೂಲಿನ ಎಳೆ ಹರಿಯಿತೆಂದು. ಆಕೆ ಬಗ್ಗಿದಳು, ತಾವು ಮಿಂಚಿದಿರಿ.

“ಯವ್ವಾ, ತಲಿ ಎತ್ತಬೇ!” ಎಂದು ಕಾಮಣ್ಣನವರು ಕೂಗಿದರೆ, “ತಡಿಯೋ, ಮೊದಲ ಎಳಿ ಹುಡಕತೇನಿ” ಎಂದಳು. ಆದರೆ ತಮ್ಮ ಬೆಳಕಿಗೆ ಆಕೆಯ ಕಣ್ಣು ಕತ್ತಲಿಟ್ಟಿತ್ತು. ಹೊರಗೆ ಕಾಯುತ್ತಿದ್ದ ಬಡಿಗರು ಒಳಬಂದು, ಅರ್ಧ ನೇಯ್ದ ಸೀರೆ ಹಾಸಿನಲ್ಲಿರುವಾಗಲೇ ಮಗ್ಗ ಬಿಚ್ಚಿದರು.

ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಎಪ್ಪತ್ತು ವರ್ಷದ ಮುಖವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹಿಡಿದಿದ್ದೀರಿ: ನೆತ್ತಿಯ ಬೈತಲೆ, ಹೆಬ್ಬೆರಳಿನ ಸೀಳು, ಒಂದೊಂದಾಗಿ ಎಣಿಸಬಹುದಾದ ಎಳೆಗಳು. ನಾನು ಅತ್ತೆ. ಅವ್ವ ಮಾತ್ರ ಫೋಟೋವನ್ನು ಕಿಟಕಿಗೆ ಒಯ್ದು, ಬಟ್ಟೆ ಪರೀಕ್ಷಿಸುವಂತೆ ಓರೆಯಾಗಿ ಹಿಡಿದು, ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳಿಟ್ಟು, “ನೋಡ ತಂಗೆವ್ವಾ, ಖರೇನ ಹರದೈತಿ! ಗಂಟ ಹಾಕೂದಽ ಉಳೀತು” ಎಂದಳು. ನಿಜಕ್ಕೂ ಅಲ್ಲಿ ಒಂದು ಎಳೆ ತುಂಡಾಗಿ ಬಿದ್ದಿತ್ತು.

ಅಂದಿನಿಂದ ದಿನಾ ಫೋಟೋದ ಅದೇ ಜಾಗಕ್ಕೆ ಆಕೆಯ ಬೆರಳು ಹೋಗುತ್ತದೆ. ಆದ್ದರಿಂದ ನನ್ನ ಮೊದಲಿನ ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದೇನೆ, ಮುಖ ಬೇಡ. ಹಿಡಿದಿಟ್ಟ ಆ ಗಳಿಗೆಯನ್ನು ತಾವು ಒಮ್ಮೆ ಸಡಿಲಿಸಿ, ಆಕೆ ಗಂಟು ಹಾಕಿದ ಕೂಡಲೇ ಮತ್ತೆ ಮುಚ್ಚಿಕೊಳ್ಳಬೇಕೆಂದು ವಿನಂತಿ. ಆಕೆಗೆ ತಮ್ಮಷ್ಟೂ ಹೊತ್ತು ಬೇಡ.

ತಲೆ ಬಗ್ಗಿಸಿರುವ ಮನೆತನದ, ತಮ್ಮ ವಿಶ್ವಾಸಿ,
ಮುತ್ತವ್ವನ ಮಗಳು ತಂಗೆವ್ವ

ತಾ.ಕ.: ಹೊಸ ಮಗ್ಗದೊಡನೆ ಫೋಟೋ ತೆಗೆಸಿಕೊಳ್ಳಲು ರೇವಪ್ಪ ತಮ್ಮನ್ನು ಕರೆಯಲಿದ್ದಾನೆ. ನಿರ್ಭಯವಾಗಿ ಬನ್ನಿ. ಆ ಮಗ್ಗದ ಗದ್ದಲದಲ್ಲಿ ತಮ್ಮ ‘ಟಕ್’ ಯಾರಿಗೂ ಕೇಳಿಸದು, ಎಷ್ಟು ಎಳೆ ಹರಿದರೂ ಯಾರೂ ಬಗ್ಗರು. ಮುಖಗಳು ಬಹಳ ಛಲೋ ಬರುತ್ತವೆ.