ರಜೆಯ ಮೇಲೊಂದು ಪಿಎಚ್‌ಡಿ

ಕಾನೂನು ಓದಿದವರಿಗೆ ನ್ಯಾಯ ಸಿಗುವುದು ತಡವಾದರೂ ನಗು ಮಾತ್ರ ಸರಿಯಾದ ಹೊತ್ತಿಗೆ ಸಿಗುತ್ತದೆ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಾನೂನು ವಿಭಾಗ ನೋಡಿಕೊಳ್ಳುವವಳು. ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಅರ್ಜಿ ಹಾಕಿದೆ. ವಿಷಯ, ಕಾರ್ಖಾನೆ ಕಾರ್ಮಿಕರ ರಜೆಯ ಹಕ್ಕು.

ಮನೆಯ ತೀರ್ಪು

ನಮ್ಮತ್ತೆ ದಾವಣಗೆರೆ ಕಡೆಯವರು. ರೊಟ್ಟಿ ತಟ್ಟುತ್ತಾ ಕೇಳಿದರು. "ಎಲ್‌ಎಲ್‌ಬಿ ಆತು, ಎಲ್‌ಎಲ್‌ಎಂ ಆತು. ಮತ್ತೆ ಅದನ್ನೇ ಓದ್ತೀಯೇನವಾ?"

"ಹೂಂ ಅತ್ತಿ, ಇನ್ನೂ ಆಳವಾಗಿ."

ರೊಟ್ಟಿ ತಿರುವಿ ಹಾಕಿ ನನ್ನನ್ನು ಮರುಕದಿಂದ ನೋಡಿದರು. "ಇಷ್ಟು ಓದಿದ್ರೂ ತಿಳೀಲಿಲ್ಲ ಅಂದ್ರೆ ತಪ್ಪು ನಿಂದಲ್ಲ ಬಿಡು. ಬರೆದೋರ್ದು."

ಹಡಗಿನ ಗೈಡ್

ಗೈಡ್ ಒಪ್ಪದೆ ಅರ್ಜಿ ಮುಂದೆ ಹೋಗದು. ಪ್ರೊಫೆಸರ್ ಒಬ್ಬರನ್ನು ಹುಡುಕಿಕೊಂಡು ಹೋದೆ. ನನ್ನ ಪ್ರಸ್ತಾವನೆಯನ್ನು ತಾಳ್ಮೆಯಿಂದ ಓದಿದರು.

"ವಿಷಯ ಬಹಳ ಚೆನ್ನಾಗಿದೆ ಮೇಡಂ. ಆದ್ರೆ ನಂದು ಸಮುದ್ರಯಾನದ ಕಾನೂನು. ಇದನ್ನೇ ಸ್ವಲ್ಪ ಹಡಗಿನ ಕಡೆ ತಿರುಗಿಸಿ."

"ಪೀಣ್ಯದಲ್ಲಿ ಹಡಗೆಲ್ಲಿ ಸಾರ್?"

"ಮಳೆಗಾಲದಲ್ಲಿ ಆ ಕಡೆ ಬಂದಿದ್ದೆ," ಅಂದರು ಗಂಭೀರವಾಗಿ. "ಹಡಗೊಂದೇ ಕಮ್ಮಿ ಇತ್ತು."

ಆಮೇಲೆ ಪುಣ್ಯಾತ್ಮರು ಹಡಗಿಲ್ಲದೆಯೇ ಸಹಿ ಹಾಕಿಕೊಟ್ಟರು.

ಅರ್ಧ ದಿನದ ಜ್ವರ

ಸಂದರ್ಶನಕ್ಕೆ ಕರೆ ಬಂತು. ಎರಡನೇ ಶನಿವಾರ. ನಮ್ಮ ಕಾರ್ಖಾನೆಗೆ ಅದು ಕೆಲಸದ ದಿನವೇ. ರಜೆ ಕೇಳಲು ಮ್ಯಾನೇಜರ್ ಹತ್ತಿರ ಹೋದೆ. ಇದೊಂದು ತಪ್ಪಿದರೆ ಮತ್ತೆ ಅರ್ಜಿ ಹಾಕುವ ಧೈರ್ಯ ನನಗಿರಲಿಲ್ಲ.

"ಕಾರಣ?"

"ರಜೆ ಹಕ್ಕಿನ ಸಂಶೋಧನೆಗೆ ಸಂದರ್ಶನ ಸಾರ್."

ಅವರ ಮುಖ ಬಾಡಿತು. "ಇದನ್ನ ಮೇಲಿನೋರಿಗೆ ಹೇಗೆ ಕಳಿಸ್ಲಿ ಮೇಡಂ? ಜ್ವರ ಅಂತ ಬರೀರಿ, ಈಗ್ಲೇ ಸೈನ್ ಹಾಕ್ತೀನಿ."

"ಕಾನೂನಿನ ಪಿಎಚ್‌ಡಿಗೆ ಸುಳ್ಳು ಹೇಳಿ ಹೋಗ್ಲಾ?"

ಸ್ವಲ್ಪ ಯೋಚಿಸಿ ದಾರಿ ಹುಡುಕಿದರು. "ಪೂರ್ತಿ ಸುಳ್ಳು ಬೇಡ ಅಂದ್ರೆ, ಅರ್ಧ ದಿನ ಜ್ವರ ಅಂತ ಬರೀರಿ."

ಸಂದರ್ಶನ

ಕೊನೆಗೆ ಸಂಬಳ ಬಿಟ್ಟು ರಜೆ ಹಾಕಿ ಹೋದೆ. ವಿಶ್ವವಿದ್ಯಾಲಯಕ್ಕೆ ಅವತ್ತು ರಜೆ. ಕ್ಯಾಂಟೀನ್ ಮುಚ್ಚಿತ್ತು, ಒಳಗೆ ಸಮಿತಿಯವರು ಮತ್ತು ನಮ್ಮನ್ನು ಹೆಸರು ಹಿಡಿದು ಕೂಗುವ ನೌಕರರೊಬ್ಬರು ಮಾತ್ರ. ಹಸಿದ ಹೊಟ್ಟೆಯಲ್ಲಿ ಕಾದೂ ಕಾದೂ ನನ್ನ ಸರದಿ ಬಂದಾಗ ಬಿಸಿಲು ಇಳಿದಿತ್ತು.

ಅಧ್ಯಕ್ಷರು ಕೇಳಿದರು. "ಸೀಟು ಸಿಕ್ಕರೆ ತರಗತಿಗೆ ಬರಬೇಕು. ಕಂಪನಿ ರಜೆ ಕೊಡುತ್ತಾ?"

"ಕೊಡೋ ಹಾಗಿದ್ರೆ ಈ ವಿಷಯ ಯಾಕೆ ತಗೋತಿದ್ದೆ ಸಾರ್?"

ಬಾಯಿ ಜಾರಿತ್ತು. ಸೀಟು ಹೋಯಿತು ಅಂದುಕೊಂಡೆ. ಆದರೆ ಸಮಿತಿಯವರೆಲ್ಲ ಜೋರಾಗಿ ನಕ್ಕರು. "ಆಯ್ತು, ನಿಮ್ಮನ್ನ ತಗೊಂಡಿದ್ದೀವಿ," ಅಂದರು ಅಧ್ಯಕ್ಷರು.

ಕಣ್ಣೊರೆಸಿಕೊಂಡು ಹೊರಬಂದರೆ, ಹೆಸರು ಕೂಗುತ್ತಿದ್ದ ಆ ನೌಕರರು ಬಾಗಿಲಲ್ಲೇ ಅಡ್ಡ ನಿಂತರು. ಎಲ್ಲ ಕೇಳಿಸಿಕೊಂಡಿದ್ದರು.

"ಮೇಡಂ, ಇದು ಮುಗಿಯೋಕೆ ಎಷ್ಟು ವರ್ಷ ಆಗುತ್ತೆ?"

"ನಾಲ್ಕೈದು ವರ್ಷ ಆಗಬಹುದು ಅಣ್ಣ. ಯಾಕೆ?"

"ಸ್ವಲ್ಪ ಬೇಗ ಮುಗಿಸಿ. ಇವರು ನನ್ನನ್ನ ಪ್ರತಿ ಎರಡನೇ ಶನಿವಾರನೂ ಹೀಗೇ ಕರೆಸ್ತಾರೆ. ನಿಮ್ಮ ಹಕ್ಕು ಬರೋ ಅಷ್ಟರಲ್ಲಿ ನಾನು ರಿಟೈರ್ ಆಗಿರ್ತೀನಿ!"